‘ಲೂಟ್’ ಎಂಬ ಇಂಗ್ಲಿಷ್ ಕ್ರಿಯಾಪದ: ಹುಟ್ಟು ಮತ್ತು ಅರ್ಥಪಲ್ಲಟ

ಇಂಗ್ಲಿಷಿನ ದಿನಬಳಕೆಯ ಕ್ರಿಯಾಪದಗಳಲ್ಲಿ ಒಂದಾದ ‘ಲೂಟ್’ ಭಾರತೀಯ ಮೂಲದ್ದು. ಸಂಸ್ಕೃತದ ‘ಲುಂಟ್’ ಧಾತುವಿಗೆ ಸಂಬಂಧಿಸಿದ ಹಿಂದಿಯ ‘ಲೂಟ್’ ಅದರ ನೇರ ಆಕರ. ಕನ್ನಡದ ‘ಲೂಟಿ’ಯೂ ಇದೇ ಬಳಗದ ಮಾತು. ಹಾಗೆಂದು ಆ ಕೃತ್ಯಕ್ಕೆ ಇಂಗ್ಲಿಷಿನಲ್ಲಿ ಪದವಿರಲಿಲ್ಲವೆಂದಲ್ಲ. ಮನೆಯ ಬಟ್ಟೆಬರೆ, ಸಾಮಾನುಗಳನ್ನು ದೋಚುವುದೆಂಬ ಅರ್ಥದ ‘ಪ್ಲಂಡರ್’ ಎಂಬ ಜರ್ಮನ್ ಪದವು ಮೂವತ್ತು ವರ್ಷಗಳ ಯುದ್ಧದ (1618-1648) ಕಾಲದಲ್ಲಿಯೇ ಆ ಭಾಷೆಯನ್ನು ಸೇರಿತ್ತು. ಇರುವ ಪದ ಸಾಲದೆ ಇನ್ನೊಂದನ್ನು ಭಾರತದಿಂದ ಪಡೆದುದೇಕೆ ಎಂಬುದು ವಿಚಾರಾರ್ಹ.

ಉತ್ತರದ ಒಂದು ಎಳೆ ಮೈಸೂರು ಯುದ್ಧಗಳಲ್ಲಿ ದೊರೆಯುತ್ತದೆ. ಆ ಕಾಲದ ಕಂಪನಿ ಸೇನಾಧಿಕಾರಿಗಳ ಬರಹಗಳಲ್ಲಿ ‘ಲೂಟಿ’, ‘ಲೂಟಿವಾಲಾ’ ಎಂಬ ರೂಪಗಳು ಕಾಣಿಸುತ್ತವೆ. ಅವು ಮೈಸೂರಿನ ಹಗುರ ಕುದುರೆಪಡೆಯ ಸವಾರರಂಥವರನ್ನು ಹೀನಾಯವಾಗಿ ಸೂಚಿಸುವ ನಾಮಪದಗಳು. 1788ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಭಾರತೀಯ ಪದಗಳ ಕೋಶವೊಂದರಲ್ಲಿ ‘ಲೂಟ್’ ಕೂಡ ಸೇರಿತು. ಅಂದರೆ, ಈ ಪದವು ಆರಂಭದಲ್ಲಿ ಎದುರಾಳಿಯ ಕೃತ್ಯಕ್ಕೆ ಮೀಸಲಾಗಿತ್ತು.

ಶ್ರೀರಂಗಪಟ್ಟಣವು 1799ರ ಮೇ 4ರಂದು ಪತನವಾದಾಗ ಈ ಭೇದ ನಿಚ್ಚಳವಾಯಿತು. ಅಂದಿನ ರಾತ್ರಿ ಸೈನಿಕರು ದೋಚದೆ ಬಿಟ್ಟ ಮನೆ ಪಟ್ಟಣದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ಆರ್ಥರ್ ವೆಲ್ಲೆಸ್ಲಿಯೇ ತನ್ನ ಅಣ್ಣನಾದ ಗವರ್ನರ್ ಜನರಲ್‌ಗೆ ಬರೆದನು. ಅವನು ಬಳಸಿದ್ದು ‘ಪ್ಲಂಡರ್’ ಪದವನ್ನು. ಮಾರನೆಯ ದಿನ ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಲಾಯಿತು. ಆದರೆ ಅರಮನೆಯ ಭಂಡಾರವನ್ನು ಬೆಲೆಕಟ್ಟಿ ದರ್ಜೆಗೆ ತಕ್ಕಂತೆ ಹಂಚಿಕೊಂಡದ್ದು ಪ್ಲಂಡರ್ ಅಲ್ಲ, ‘ಪ್ರೈಜ್’! ಬಹುಮಾನವೆಂಬ ಅರ್ಥದ ಪ್ರೈಜ್ ಬೇರೆ. ಇದು ಫ್ರೆಂಚಿನಿಂದ ಬಂದ, ‘ವಶಪಡಿಸಿಕೊಂಡದ್ದು’ ಎಂಬ ಅರ್ಥದ ಕಾನೂನಿನ ಪದ. ಟಿಪ್ಪುವಿನ ಸಿಂಹಾಸನವನ್ನು ಇಡಿಯಾಗಿ ಉಳಿಸಬೇಕೆಂದು ಗವರ್ನರ್ ಜನರಲ್ ಬಯಸಿದ್ದರೂ ಹಂಚಿಕೆಗಾಗಿ ಅದನ್ನು ಆಗಲೇ ಒಡೆಯಲಾಗಿತ್ತು. ಅದರ ಹುಲಿತಲೆಯೂ ಹುಮಾ ಪಕ್ಷಿಯೂ ಕ್ರಮೇಣ ವಿಂಡ್ಸರ್ ಅರಮನೆ ಸೇರಿದವು. ಒಂದೇ ಊರು, ಒಂದೇ ವಾರ. ಕಳೆದುಕೊಂಡವರ ಪಾಲಿಗೆ ಎರಡೂ ಒಂದೇ ಆಗಿರಬೇಕು.

‘ಲೂಟ್’ ಇಂಗ್ಲಿಷ್ ಕ್ರಿಯಾಪದವಾಗಿ ಕಾಣಿಸಿಕೊಳ್ಳುವುದು 1840ರ ದಶಕದಲ್ಲಿ. ಚೀನಾದ ಯುದ್ಧ, ಕ್ರಿಮಿಯಾ ಯುದ್ಧ ಮತ್ತು 1857ರ ದಂಗೆಯ ನಡುವೆ ಅದು ಇಂಗ್ಲೆಂಡಿನಲ್ಲಿಯೂ ನೆಲೆಯೂರಿತೆಂದು ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶ (1886) ಗುರುತಿಸಿದೆ. (ತುಳುನಾಡಿನ ಭೂತಾರಾಧನೆಯ ಪಠ್ಯಗಳನ್ನು ಸಂಗ್ರಹಿಸಿದ ಬರ್ನೆಲ್ ಇವರೇ.) ಎದುರಾಳಿಗೆ ಅಂಟಿಸಿದ್ದ ಪದವನ್ನು ಸೈನಿಕರು ಈಗ ತಮ್ಮ ಕೃತ್ಯಕ್ಕೇ ತಮಾಷೆಯಾಗಿ ಬಳಸತೊಡಗಿದರು. ‘ಪ್ಲಂಡರ್’ ಎಂಬಲ್ಲಿದ್ದ ಅಪರಾಧದ ಭಾರ ಈ ಪರಕೀಯ ಪದಕ್ಕಿರಲಿಲ್ಲ. 1860ರಲ್ಲಿ ಬೀಜಿಂಗ್ ಬಳಿಯ ಬೇಸಿಗೆಯರಮನೆಯನ್ನು ದೋಚಿದಾಗ ಸಿಕ್ಕ ಪುಟ್ಟ ನಾಯಿಯೊಂದನ್ನು ವಿಕ್ಟೋರಿಯಾ ರಾಣಿಗೆ ಅರ್ಪಿಸಲಾಯಿತು. ಅದಕ್ಕಿಟ್ಟ ಹೆಸರೇ ‘ಲೂಟಿ’. ಕೃತ್ಯವನ್ನು ಮುದ್ದಿನ ಹೆಸರಾಗಿಸಿದ ಈ ನಿದರ್ಶನ ಯಾವ ನಿಘಂಟಿನ ವಿವರಣೆಗಿಂತಲೂ ಸ್ಪಷ್ಟವಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕ್ರಿಯಾಪದದ ಕರ್ತೃ ಮತ್ತೆ ಬದಲಾದನು. ಸೈನಿಕನ ಜಾಗಕ್ಕೆ ಗಲಭೆಯ ಬಡಜನರು ಬಂದರು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪ್ರವಾಹದಲ್ಲಿ ಮುಳುಗಿದಾಗ ಪ್ರಕಟವಾದ ಎರಡು ಸುದ್ದಿಚಿತ್ರಗಳು ಪ್ರಸಿದ್ಧವಾಗಿವೆ: ಆಹಾರದೊಡನೆ ನೀರಿನಲ್ಲಿ ಸಾಗುತ್ತಿದ್ದ ಕಪ್ಪು ತರುಣನು ‘ಲೂಟ್’ ಮಾಡಿದವನಾದರೆ, ಬಿಳಿಯ ಜೋಡಿಗೆ ಆಹಾರ ‘ಸಿಕ್ಕಿತ್ತು’. ಇನ್ನೊಂದೆಡೆ, 1897ರಲ್ಲಿ ಬ್ರಿಟಿಷ್ ಪಡೆ ಬೆನಿನ್ ನಗರದಿಂದ ಒಯ್ದ ಕಂಚಿನ ಶಿಲ್ಪಗಳಲ್ಲಿ ಕೆಲವನ್ನು 2022ರಲ್ಲಿ ಪಾಶ್ಚಾತ್ಯ ವಸ್ತುಸಂಗ್ರಹಾಲಯಗಳು ನೈಜೀರಿಯಾಕ್ಕೆ ಮರಳಿಸಿದಾಗ, ಅವುಗಳನ್ನು ಲೂಟಿಯ ವಸ್ತುಗಳೆಂದೇ ಕರೆಯಲಾಯಿತು.

ಇಂಥ ಪಲ್ಲಟ ಕನ್ನಡಕ್ಕೂ ಹೊಸದಲ್ಲ. ‘ಸೂರೆ’ ನಮ್ಮ ಹಳೆಯ ಪದ. ಊರನ್ನು ಸೂರೆಗೊಂಡವರ ಮಾತೇ ‘ಮನಸೂರೆಗೊಳ್ಳು’ ಎಂಬಲ್ಲಿ ಮೆಚ್ಚುಗೆಯಾಗಿದೆ. ‘ಲೂಟಿ’ಗಾದರೋ ದಕ್ಷಿಣ ಕನ್ನಡದ ಆಡುಮಾತಿನಲ್ಲಿ ಮಕ್ಕಳ ತುಂಟತನವೆಂಬ ಅರ್ಥವಿದೆ. ಅಲ್ಲಿ ಅಜ್ಜಿ ‘ಲೂಟಿ ಮಾಡಬೇಡ’ ಎಂದು ಗದರುವುದು ಒಂದು ಕಡೆ ಕೂರದ ಮೊಮ್ಮಗನನ್ನು.