ಏರ್ ಪಿಸ್ತೂಲು
ಒತ್ತಿಟ್ಟ ಗಾಳಿಯಿಂದ 4.5 ಮಿ.ಮೀ. ಸೀಸದ ಗುಂಡು ಹಾರಿಸುವ ಸ್ಪರ್ಧಾ ಆಯುಧ. ಗುರಿಯ ದೂರ 10 ಮೀಟರ್. ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿ.ಮೀ. ಸ್ಟೇಯರ್, ಮೊರಿನಿ, ವಾಲ್ಥರ್ ಕಂಪನಿಗಳ ಪಿಸ್ತೂಲುಗಳು ಶೂಟರ್‌ಗಳ ಮೆಚ್ಚಿನವು. ನಿಖರತೆಗೆ ನಳಿಕೆಯೊಂದೇ ಕಾರಣವಲ್ಲ. ಒಳಗಿನ ನಿಯಂತ್ರಕ ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುತ್ತದೆ. ಅಂಗೈಗೆ ತಕ್ಕಂತೆ ಕೆತ್ತಿದ ಹಿಡಿ ಮಣಿಕಟ್ಟನ್ನು ಹೊರಳಗೊಡದು. ಟ್ರಿಗರ್ ಹಗುರ, ಆದರೆ ನಿಯಮದಂತೆ 500 ಗ್ರಾಂಗಿಂತ ಕಡಿಮೆ ಸಲ್ಲದು. ಗುಂಡು ನಿಧಾನಿಯಾದ್ದರಿಂದ ಅದು ನಳಿಕೆ ದಾಟುವವರೆಗೂ ಕೈ ಅಲುಗಬಾರದು. ಮಸ್ಕಿ, ಲಿಂಗಸುಗೂರು ಕಡೆ ಜೋಳದ ಹೊಲದಲ್ಲಿ ಅಟ್ಟವೇರಿ ಕವಣೆ ಬೀಸಿದವರೂ ಬಲ್ಲ ಗುಟ್ಟಿದು: ಬಿಟ್ಟ ಮೇಲೂ ಕೈ ಗುರಿಯತ್ತಲೇ ಇರಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲು ವಿಭಾಗದ ಬೆಳ್ಳಿ ಗೆದ್ದರು.