ಹಾಸಿಗೆ ಹುಣ್ಣು: ಶುಶ್ರೂಷೆಯ ಗುಣಮಟ್ಟ ಅಳೆದ ಇತಿಹಾಸ

ಮಲಗಿದಲ್ಲೇ ಇರುವ ರೋಗಿಯ ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಪಕ್ಕ ಮೊದಲಾದ ಎಲುಬು ಎದ್ದು ಕಾಣುವ ಜಾಗಗಳಲ್ಲಿ ಒತ್ತಡ ಬಿದ್ದು, ರಕ್ತಸಂಚಾರ ತಗ್ಗಿ ಆಗುವ ಗಾಯ ಹಾಸಿಗೆ ಹುಣ್ಣು. ಇದನ್ನು ತಡೆಯುವುದು ಮುಖ್ಯವಾಗಿ ದಾದಿಯರ ಕೈಕೆಲಸ. ಹಾಗಾಗಿ ಶುಶ್ರೂಷೆಯ ಗುಣಮಟ್ಟಕ್ಕೆ ಇದೊಂದು ಅಳತೆಗೋಲೂ ಆಯಿತು.

ಹುಣ್ಣಾದರೆ ಸಾಮಾನ್ಯವಾಗಿ ತಪ್ಪು ರೋಗದ್ದಲ್ಲ, ಶುಶ್ರೂಷೆಯದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಈ ತೀರ್ಪು ಸ್ವಲ್ಪ ಕಠಿಣವೇ. ತೀರಾ ನಿತ್ರಾಣರಾದವರಿಗೆ ಎಷ್ಟು ಆರೈಕೆ ಮಾಡಿದರೂ ಕೆಲವೊಮ್ಮೆ ಹುಣ್ಣು ತಪ್ಪುವುದಿಲ್ಲ. ಯಾರಿಗೆ ಅಪಾಯ ಹೆಚ್ಚು ಎಂದು ಮೊದಲೇ ಅಳೆಯುವ ಪಟ್ಟಿಯನ್ನು ಇಂಗ್ಲೆಂಡಿನ ಡೋರೀನ್ ನಾರ್ಟನ್ 1962ರಲ್ಲಿ ಕೊಟ್ಟರು: ಐದು ಅಂಶ, 20 ಅಂಕ, 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ. 1987ರ ಬ್ರೇಡನ್ ಪಟ್ಟಿ ಚರ್ಮದ ತೇವ, ಆಹಾರ, ಉಜ್ಜಾಟಗಳನ್ನೂ ಲೆಕ್ಕಕ್ಕೆ ತಂದಿತು. ಈ ನಡುವೆ 1966ರಲ್ಲಿ ಅವೆಡಿಸ್ ಡೊನಬೀಡಿಯನ್ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದರು: ವ್ಯವಸ್ಥೆ, ಕೆಲಸದ ಕ್ರಮ, ಫಲಿತಾಂಶ. ವಾರ್ಡಿನಲ್ಲಿ ಗಾಳಿ ಹಾಸಿಗೆ ಇದೆಯೇ, ರಾತ್ರಿ ಪಾಳಿಗೆ ಸಾಕಷ್ಟು ಸಿಬ್ಬಂದಿ ಇದ್ದಾರೆಯೇ ಎಂಬುದು ಮೊದಲನೆಯದು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಕೇಸ್ ಶೀಟಿನಲ್ಲಿ ಬರೆದರೇ ಎಂಬುದು ಎರಡನೆಯದು. ಹುಣ್ಣಾಯಿತೇ ಎಂಬುದು ಕೊನೆಯದು.

ಒಂದು ತೊಡಕು ನಮ್ಮವರಿಗೆ ಹತ್ತಿರದ್ದು. ಮೊದಲ ಹಂತದ ಗುರುತು ಒತ್ತಿದರೂ ಮಾಸದ ಕೆಂಪು ಎಂದು ಪಠ್ಯಗಳು ಹೇಳುತ್ತವೆ. ಕಪ್ಪು, ಎಣ್ಣೆಗೆಂಪು ಚರ್ಮದಲ್ಲಿ ಅದು ಸುಲಭಕ್ಕೆ ಕಾಣದು. ಕೈಯಿಟ್ಟು ಬಿಸಿ, ಗಡಸುತನ, ನೋವನ್ನು ನೋಡಬೇಕು. ಕಣ್ಣನ್ನಷ್ಟೇ ನಂಬಿದ ವಾರ್ಡಿನ ಅಂಕಿಅಂಶ ಸುಳ್ಳಾಗಿಯೇ ಚೆನ್ನಾಗಿರುತ್ತದೆ.

ಭಾರತದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ 2005ರಲ್ಲಿ ಬಂತು. ದಾಖಲಾದ ಮೇಲೆ ಎಷ್ಟು ಜನರಿಗೆ ಹುಣ್ಣಾಯಿತು ಎಂಬುದನ್ನು ಸಾವಿರ ರೋಗಿ-ದಿನಗಳಿಗೆ ಲೆಕ್ಕ ಹಾಕುವುದು ಅದರ ಸೂಚಕಗಳಲ್ಲೊಂದು. ಸರಕಾರಿ ಆಸ್ಪತ್ರೆಗಳಿಗೆ 2013ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಗುಣಮಟ್ಟ ಮಾನದಂಡ ಬಂತು. ಬಂಟ್ವಾಳ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳಂಥವೂ ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರದಂಥವೂ ಅದರ ವ್ಯಾಪ್ತಿಗೆ ಸೇರುತ್ತವೆ.

ಸೂಚಕದ ಮಿತಿ ಬೆಳ್ತಂಗಡಿ ತಾಲೂಕಿನಲ್ಲೇ ಕಾಣಸಿಗುತ್ತದೆ. ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಕೊಕ್ಕಡ, ಪಟ್ರಮೆ, ನಿಡ್ಲೆಯ ಆಸುಪಾಸಿನ ಸಂತ್ರಸ್ತರಲ್ಲಿ ಹಾಸಿಗೆಯಿಂದ ಏಳಲಾಗದವರೂ ಇದ್ದಾರೆ. ಅವರ ಮಗ್ಗುಲು ಬದಲಿಸುವವರು ಮನೆಯವರು. ಮನೆಯಿಂದಲೇ ಹುಣ್ಣು ಹೊತ್ತು ಬಂದ ರೋಗಿಯನ್ನು ದಾಖಲಾಗುವಾಗಲೇ ಪರೀಕ್ಷಿಸಿ ಬರೆಯದಿದ್ದರೆ ಅದು ಆಸ್ಪತ್ರೆಯ ತಲೆಗೆ ಬರುತ್ತದೆ. ಬರೆದರೆ ಯಾರ ಲೆಕ್ಕಕ್ಕೂ ಬಾರದು. ಸಾವಿರ ರೋಗಿ-ದಿನಗಳ ಸೂತ್ರದಲ್ಲಿ ಮನೆಯ ಹಾಸಿಗೆಗೆ ಜಾಗವಿಲ್ಲ. ಮನೆ ಭೇಟಿಯ ದಾದಿಯರ ಪುಸ್ತಕದಲ್ಲಾದರೂ ಅದಕ್ಕೊಂದು ಅಂಕಣ ಇರಬೇಕು.