ಖುಷ್ಕಿ, ತರಿ, ಬಾಗಾಯ್ತು: ಭೈರಪ್ಪನವರ ಭಿನ್ನಮತದ ಹಿನ್ನೆಲೆ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಮುತ್ತ ತೆಂಗಿನ ತೋಟವನ್ನು ಕಂದಾಯದ ಭಾಷೆಯಲ್ಲಿ 'ಬಾಗಾಯ್ತು' ಎನ್ನುತ್ತಾರೆ. ಮಳೆ ನಂಬಿದ ಹೊಲ ಖುಷ್ಕಿ, ನೀರಾವರಿಯ ಗದ್ದೆ ತರಿ. ರೈತನ ಬಾಯಲ್ಲಿ ಕನ್ನಡವೇ ಆಗಿಹೋಗಿರುವ ಈ ಮಾತುಗಳು ಪಾರಸಿ ಮೂಲದವು. ಇಂಥ ಮಾತುಗಳೇ 2006ರಲ್ಲಿ ಕನ್ನಡ ಪತ್ರಿಕೆಯ ಪುಟದಲ್ಲಿ ದೊಡ್ಡ ಜಗಳಕ್ಕೆ ಕಾರಣವಾದವು. ಆ ಜಗಳದ ಒಂದು ತುದಿಯಲ್ಲಿದ್ದವರು ಇದೇ ಸೀಮೆಯ ಕಾದಂಬರಿಕಾರ ಎಸ್.ಎಲ್. ಭೈರಪ್ಪ.

ಸಂತೇಶಿವರದ ಹುಡುಗ

ತಿಪಟೂರು ಸೀಮೆಗೆ ಹೊಂದಿಕೊಂಡ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಭೈರಪ್ಪನವರ ಹುಟ್ಟೂರು. 1931ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. 1970ರ 'ಗೃಹಭಂಗ' ಆ ದಿನಗಳ ಕಾದಂಬರಿ. ಅದರ ನಾಯಕಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುತ್ತಾಳೆ, ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ. ಊರಿನವರ ಮುಲಾಜಿಗೆ ಲೆಕ್ಕ ತಿದ್ದಬಾರದೆಂಬ ಹಟ, ಮುಂದೆ ಭೈರಪ್ಪನವರು ಇತಿಹಾಸದ ಬಗ್ಗೆ ಆಡಿದ ಮಾತಿನಲ್ಲೂ ಕೇಳಿಸುತ್ತದೆ.

ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಬರೋಡಾದಲ್ಲಿ ಸತ್ಯ ಮತ್ತು ಸೌಂದರ್ಯ ಕುರಿತು ಡಾಕ್ಟರೇಟ್ ಪಡೆದ ಅವರು ದೆಹಲಿಯ ಎನ್‌ಸಿಇಆರ್‌ಟಿಯಲ್ಲಿ ಕೆಲಸ ಮಾಡಿದರು. ಅಲ್ಲಿ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಪಠ್ಯಗಳನ್ನು ಪರಿಷ್ಕರಿಸಲು ಜಿ. ಪಾರ್ಥಸಾರಥಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಗಿತ್ತು. ಕಹಿಯೆಂಬ ಕಾರಣಕ್ಕೆ ಇತಿಹಾಸದ ಸಂಗತಿಗಳನ್ನು ಬಿಡಕೂಡದೆಂದು ವಾದಿಸಿದ್ದಕ್ಕೆ ತಮ್ಮನ್ನು ಸಮಿತಿಯಿಂದ ಕೈಬಿಡಲಾಯಿತು ಎಂದು ಭೈರಪ್ಪನವರು ಬರೆದಿದ್ದಾರೆ. ಅವರ ರಾಜಕೀಯ ನಿಲುವು ಗಟ್ಟಿಯಾದದ್ದು ಇಲ್ಲಿ ಎನ್ನಲಡ್ಡಿಯಿಲ್ಲ.

ಮತಪೆಟ್ಟಿಗೆ ಮತ್ತು ಕೀರ್ತಿ

ರಾಜಕೀಯದ ಬಗ್ಗೆ ಅವರಿಗಿದ್ದ ಅನುಮಾನ ಇನ್ನೂ ಹಳೆಯದು. 1965ರ 'ಮತದಾನ'ದಲ್ಲಿ ಹಳ್ಳಿಗೆ ಬೇಕಾದ ವೈದ್ಯನೊಬ್ಬ ಚುನಾವಣೆಯ ಸುಳಿಗೆ ಸಿಕ್ಕುತ್ತಾನೆ. ಮತಪೆಟ್ಟಿಗೆ ಬಂದೊಡನೆ ಊರಿನ ಹಳೆಯ ನಂಟುಗಳು ಲೆಕ್ಕಾಚಾರಗಳಾಗುವುದನ್ನು ಕಾದಂಬರಿ ತೋರಿಸುತ್ತದೆ. ಟಿ.ಎನ್. ಸೀತಾರಾಂ ಇದನ್ನು ಚಲನಚಿತ್ರವಾಗಿಸಿ ರಾಷ್ಟ್ರಪ್ರಶಸ್ತಿ ಪಡೆದರು.

ಕೀರ್ತಿಯ ಮೋಹವನ್ನು ಅವರು 2001ರ 'ಮಂದ್ರ'ದಲ್ಲಿ ಕೈಗೆತ್ತಿಕೊಂಡರು. ಅಲ್ಲಿನ ಗಾಯಕ ಮೋಹನಲಾಲ ಮಹಾ ಕಲಾವಿದ, ಆದರೆ ಹತ್ತಿರ ಬಂದವರನ್ನೆಲ್ಲ ನೋಯಿಸುವ ಮನುಷ್ಯ. ಕಲೆ ದೊಡ್ಡದೆಂಬ ಮಾತ್ರಕ್ಕೆ ಕಲಾವಿದನ ತಪ್ಪು ಚಿಕ್ಕದಾದೀತೆ? ತಾರೆಯರನ್ನು ತಲೆಯ ಮೇಲೆ ಹೊತ್ತು ತಿರುಗುವ ಕಾಲಕ್ಕೆ ಈ ಪ್ರಶ್ನೆ ಹಳತಾಗುವಂಥದಲ್ಲ. ಈ ಕೃತಿಗೆ 2010ರ ಸರಸ್ವತಿ ಸಮ್ಮಾನ್ ಬಂತು.

ಪತ್ರಿಕೆಯ ಕಣ

2006ರ ಸೆಪ್ಟೆಂಬರಿನಲ್ಲಿ ಸಚಿವ ಡಿ.ಎಚ್. ಶಂಕರಮೂರ್ತಿ ಟಿಪ್ಪು ಸುಲ್ತಾನ್ ಕನ್ನಡ ವಿರೋಧಿ, ಆಡಳಿತದಲ್ಲಿ ಪಾರಸಿಯನ್ನು ತಂದವನು ಎಂದರು. ಗಿರೀಶ ಕಾರ್ನಾಡರು ಇದನ್ನು ಖಂಡಿಸಿದರು. 'ವಿಜಯ ಕರ್ನಾಟಕ'ದಲ್ಲಿ ಭೈರಪ್ಪನವರು ಸುದೀರ್ಘ ಲೇಖನ ಬರೆದು, ಕಂದಾಯದ ಪಾರಸಿ ಮಾತುಗಳನ್ನೂ ಕೊಡಗು, ಮಲಬಾರುಗಳ ಘಟನೆಗಳನ್ನೂ ಮುಂದಿಟ್ಟರು. ಕಾರ್ನಾಡರು ಉತ್ತರಿಸಿದರು. ವಾರಗಟ್ಟಲೆ ಪತ್ರ, ಪ್ರತಿಪತ್ರಗಳು ಹರಿದವು. ಒಂದು ಕಾಲಕ್ಕೆ ಭೈರಪ್ಪನವರ 'ವಂಶವೃಕ್ಷ'ವನ್ನು ಬಿ.ವಿ. ಕಾರಂತರೊಡನೆ ತೆರೆಗೆ ತಂದವರು ಇದೇ ಕಾರ್ನಾಡರು ಎಂಬುದು ಗಮನಾರ್ಹ.

ಟಿಪ್ಪುವಿನ ಆಡಳಿತದಲ್ಲಿ ಪಾರಸಿಗೆ ಪ್ರಾಶಸ್ತ್ಯವಿದ್ದದ್ದು ನಿಜ. ಕೊಡಗಿನಲ್ಲಿ ಆದ ಸೆರೆ, ಬಲವಂತಗಳನ್ನೂ ಅಲ್ಲಗಳೆಯಲಾಗದು. ಹಾಗೆಯೇ 1791ರ ಮರಾಠಾ ದಾಳಿಯ ನಂತರ ಶೃಂಗೇರಿ ಮಠಕ್ಕೆ ಅವನು ಕನ್ನಡದಲ್ಲಿ ಬರೆಸಿದ ಪತ್ರಗಳೂ ಉಳಿದಿವೆ. 1916ರಲ್ಲಿ ಅವು ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಇನ್ನು ಖುಷ್ಕಿ, ಬಾಗಾಯ್ತುಗಳ ಮಾತು: ತುಮಕೂರು ಸೀಮೆಯ ಶಿರಾ ಮೊದಲು ಬಿಜಾಪುರದ ಕೈಯಲ್ಲಿತ್ತು, 1687ರ ನಂತರ ಮೊಗಲರ ಸುಬಾ ಆಯಿತು. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಆದ್ದರಿಂದ ಇಲ್ಲಿನ ಪಾರಸಿ ಮಾತುಗಳೆಲ್ಲ ಅವನಿಂದಲೇ ಬಂದವೆಂದು ಹೇಳಲಾಗದು. ಒಂದೇ ಪುರಾವೆಯಿಂದ ಮನುಷ್ಯನ ಪೂರ್ತಿ ಲೆಕ್ಕ ಮುಗಿಯುವುದಿಲ್ಲ.

ಮರುವರ್ಷವೇ 'ಆವರಣ' ಬಂತು. ಚಿತ್ರೋದ್ಯಮದ, ಬುದ್ಧಿಜೀವಿ ವಲಯದ ಒಳಗೇ ಇತಿಹಾಸದ ಪ್ರಶ್ನೆ ಎತ್ತುವ ಈ ಕಾದಂಬರಿ ಕೆಲವೇ ತಿಂಗಳಲ್ಲಿ ಮೇಲಿಂದ ಮೇಲೆ ಮುದ್ರಣ ಕಂಡಿತು. ಇದು ಕಾದಂಬರಿಯಲ್ಲ, ವಾದ ಎಂದು ಯು.ಆರ್. ಅನಂತಮೂರ್ತಿ ಮೊದಲಾದವರು ಟೀಕಿಸಿದರು. ಒಂದು ಸಮುದಾಯದ ಬಗ್ಗೆ ಅನುಮಾನ ಬಿತ್ತುತ್ತದೆ ಎಂಬ ಆಕ್ಷೇಪವೂ ಬಂತು. ಸತ್ಯ ಹೇಳಿದರೆ ಸೌಹಾರ್ದ ಕೆಡದು, ಮುಚ್ಚಿಟ್ಟರೆ ಕೆಟ್ಟೀತು ಎಂಬುದು ಭೈರಪ್ಪನವರ ನಿಲುವು. ಯಾವ ಸತ್ಯವನ್ನು ಆರಿಸಿ, ಯಾವಾಗ, ಯಾರ ಮುಂದೆ ಹೇಳುತ್ತೀರಿ ಎಂಬುದು ವಿರೋಧಿಗಳ ಮರುಪ್ರಶ್ನೆ. ಎರಡಕ್ಕೂ ತೂಕವಿದೆ.

ಹಣೆಪಟ್ಟಿಗೆ ಸಿಗದವರು

'ಸಂಪ್ರದಾಯವಾದಿ' ಎಂಬ ಹಣೆಪಟ್ಟಿ ಅವರಿಗೆ ಅಂಟಿಕೊಂಡಿತು. ಆದರೆ 'ವಂಶವೃಕ್ಷ'ದ ಶ್ರೋತ್ರಿಗಳು ಕಡೆಗೆ ತಾವು ನಂಬಿದ ವಂಶಶುದ್ಧಿಯೇ ಹುಸಿಯೆಂದು ಅರಿಯುತ್ತಾರೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ದಾಟು' ಜಾತಿಯ ಗೋಡೆಗಳನ್ನೇ ಬಗೆದು ನೋಡುತ್ತದೆ. ಇತ್ತ, ಒಲವನ್ನು ಮುಚ್ಚಿಟ್ಟುಕೊಳ್ಳುವ ಜಾಯಮಾನವೂ ಅವರದಲ್ಲ. 2023ರಲ್ಲಿ ಪದ್ಮಭೂಷಣ ಪ್ರಕಟವಾದಾಗ, ಮೋದಿಯವರ ಸರ್ಕಾರವಿದ್ದದ್ದರಿಂದ ಇದು ಬಂತೆಂದು ಅವರೇ ಹೇಳಿದರು. ಅಭಿಮಾನಿಗಳಿಗೆ ಅದು ನೇರ ನುಡಿ, ಟೀಕಾಕಾರರಿಗೆ ಪಕ್ಷಪಾತದ ಒಪ್ಪಿಗೆ.

2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ ಎರಡೂ ಕಡೆಯವರು ಸಂತಾಪ ಸೂಚಿಸಿದರು. 2006ರ ಜಗಳದಲ್ಲಿ ಗೆದ್ದವರು ಯಾರೆಂದು ಹೇಳುವುದು ಕಷ್ಟ. ಆದರೆ ಎರಡೂ ಕಡೆಯ ವಾದ ಒಂದೇ ಪತ್ರಿಕೆಯಲ್ಲಿ ಅಚ್ಚಾಗಿ, ಒಂದೇ ಮನೆಯ ಜಗಲಿಯಲ್ಲಿ ಓದಿಸಿಕೊಂಡಿತ್ತು. ತಮಗೆ ಬೇಕಾದ ಕಡೆಯ ಮಾತನ್ನಷ್ಟೇ ಕೇಳುವ ಓದುಗ, ನಂಜಮ್ಮ ಒಪ್ಪದ ಲೆಕ್ಕವನ್ನೇ ಬರೆಯುತ್ತಿರುತ್ತಾನೆ: ಜಮಾ ಉಂಟು, ಖರ್ಚಿನ ಪುಟವೇ ಇಲ್ಲ.